ಕಲ್ಯದ ಶಾಸನವನ್ನು ಪೂರ್ತಿ ಓದಬೇಕು

ಹಿಂದೆ ಮತಕಲಹವೇ ಇರಲಿಲ್ಲವೆಂದು ಕೆಲವರು, ಕಲಹದ ಹೊರತು ಬೇರೇನೂ ಇರಲಿಲ್ಲವೆಂದು ಕೆಲವರು ವಾದಿಸುತ್ತಾರೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಶ್ರವಣಬೆಳಗೊಳದಲ್ಲಿಯೂ ದೊರೆತಿರುವ ೧೩೬೮ರ ಶಾಸನವು ಈರ್ವರ ವಾದವನ್ನೂ ಅಲ್ಲಗಳೆಯುತ್ತದೆ. ಶ್ರೀವೈಷ್ಣವರಿಂದಾದ ಅನ್ಯಾಯವನ್ನು ಜೈನರು ಬುಕ್ಕರಾಯನಲ್ಲಿ ಅರಿಕೆ ಮಾಡಿಕೊಂಡದ್ದು ನಿಜ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೆ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಹಾಗೂ ಕಲಶಗಳ ಹಕ್ಕನ್ನು ಉಳಿಸಿಕೊಟ್ಟದ್ದೂ ಅಷ್ಟೇ ನಿಜ. ಬೆಳಗೊಳದ ಕಾವಲಿಗೆಂದೂ ಜೀರ್ಣ ಜಿನಾಲಯಗಳ ಉದ್ಧಾರಕ್ಕೆಂದೂ ಜೈನರು ಮನೆಗೊಂದು ಹಣದಂತೆ ಕೊಡಬೇಕಾಗಿತ್ತು. ಅದರ ನಿರ್ವಹಣೆ ತಿರುಮಲೆಯ ತಾತಯ್ಯನದಾಗಿತ್ತು. ದೂರು ಕೊಟ್ಟವರ ದ್ರವ್ಯಕ್ಕೆ ವೈಷ್ಣವನೇ ಹೊಣೆಗಾರ!

ಜಮೆಯನ್ನು ತೋರಿಸಿ ಖರ್ಚನ್ನು ಮರೆಮಾಚಿದರೆ ಅದು ಲೆಕ್ಕವಲ್ಲ. ಅರ್ಧ ಶಾಸನವನ್ನೋದಿ ಬರೆದದ್ದು ಚರಿತ್ರೆಯಲ್ಲ. ಅನೇಕಾಂತವನ್ನು ಬೋಧಿಸುವ ಸಮಾಜಕ್ಕೆ ಅರ್ಧಸತ್ಯವು ಶೋಭಿಸದು.