ನೀರಿಲ್ಲದಿದ್ದರೇನು, ನೆಲವಿದೆ



‘ನೀರಿನಲ್ಲಿ ವ್ಯಾಯಾಮ ಮಾಡಿದರೆ ಮೊಣಕಾಲಿಗೆ ಭಾರ ಬೀಳುವುದಿಲ್ಲವಂತೆ. ನಾವು ಎಲ್ಲಿಗೆ ಹೋಗೋಣ?’ ಬಾಗಲಕೋಟೆಯಲ್ಲಿ ಸಕ್ಕರೆ ಕಾಯಿಲೆಯಿರುವ ತಾಯಿಯೊಬ್ಬರು ನನ್ನನ್ನು ಹೀಗೆ ಕೇಳಿದರು. ಊರ ಪಕ್ಕದಲ್ಲೇ ಆಲಮಟ್ಟಿಯ ಹಿನ್ನೀರಿದೆ. ಆದರೆ ಅದು ಇಳಿಯುವ ನೀರಲ್ಲ.

ಎದೆಮಟ್ಟದ ನೀರಿನಲ್ಲಿ ಮೈಭಾರ ಹಗುರವಾಗುವುದು ನಿಜ. ಕೀಲುನೋವು ಇರುವವರಿಗೆ ಅದು ಅನುಕೂಲ. ಆದರೆ ಸಕ್ಕರೆ ತಗ್ಗಿಸಲು ನೆಲದ ಮೇಲಿನ ವ್ಯಾಯಾಮವೂ ಅಷ್ಟೇ ಉಪಯುಕ್ತವೆಂದು ಅಧ್ಯಯನಗಳು ಹೇಳುತ್ತವೆ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಎಲ್ಲಿದ್ದರೂ ಬಳಸಿಕೊಳ್ಳುತ್ತದೆ.

ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಬಾದಾಮಿ, ಹುನಗುಂದದ ಬೇಸಿಗೆಯಲ್ಲಿ ಫಜ್ರ್ ನಂತರದ ತಂಪು ಹೊತ್ತೇ ಲೇಸು. ಬೀದಿಗೆ ಹೋಗಲಾಗದವರು ಮಾಳಿಗೆಯ ಮೇಲೆ ನಡೆಯಬಹುದು. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಗಂಟೆಗಟ್ಟಲೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ. ವಾರಕ್ಕೆ ಎರಡು ದಿನ, ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತರೆ ತೊಡೆಗೂ ಬಲ ಬರುತ್ತದೆ.

ಎಚ್ಚರವೂ ಬೇಕು. ಬರಿಗಾಲಲ್ಲಿ ನಡೆಯಬೇಡಿ; ದಿನವೂ ಅಂಗಾಲು ನೋಡಿಕೊಳ್ಳಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯಬಹುದು. ನಡುಕ, ತಣ್ಣನೆಯ ಬೆವರು ಬಂದರೆ ಕೂಡಲೇ ನಿಂತು ಸಕ್ಕರೆ ತಿನ್ನಿ. ಹೃದಯದ ಅಥವಾ ಕಣ್ಣಿನ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ.

‘ಎಲ್ಲಾ ಸರಿ, ಹೊತ್ತೆಲ್ಲಿದೆ?’ ಎಂದರು ಆ ತಾಯಿ. ಅದಕ್ಕೆ ಉತ್ತರ ಕೊಡಬೇಕಾದವರು ಮನೆಯವರು. ಅಮ್ಮ ನಡೆದು ಬರುವವರೆಗೆ ಚಹಾ ಕಾಯಲಿ. ಇಲ್ಲವೇ, ಮಕ್ಕಳೇ ಮಾಡಿಡಲಿ.