ಸಲಿಂಗ ವಿವಾಹ: ತೀರ್ಪಿನ ಆಚೆಗೆ ನಮ್ಮ ಹೊಣೆ

ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿದ ಅರ್ಜಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2023ರ ಅಕ್ಟೋಬರ್ 17ರಂದು ತೀರ್ಪಿತ್ತಿತು. ಕನ್ನಡನಾಡಿಗೂ ಈ ಮೊಕದ್ದಮೆಗೂ ನಂಟಿದೆ. ರಾಜ್ಯೋತ್ಸವ ಪ್ರಶಸ್ತಿ ಪುರಸ್ಕೃತೆ ಅಕ್ಕೈ ಪದ್ಮಶಾಲಿ ಅರ್ಜಿದಾರರಲ್ಲಿ ಒಬ್ಬರು; ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಮೈಸೂರಿನಲ್ಲಿ ಜನಿಸಿದವರು. ಕೇಂದ್ರ ಸರಕಾರವೂ ಜಮೀಯತ್ ಉಲಮಾ-ಇ-ಹಿಂದ್‌ನಂತಹ ಧಾರ್ಮಿಕ ಸಂಘಟನೆಗಳೂ ಅರ್ಜಿಗಳನ್ನು ವಿರೋಧಿಸಿದ್ದವು. ವಿವಾಹವು ಮೂಲಭೂತ ಹಕ್ಕಲ್ಲವೆಂಬಲ್ಲಿ ಐವರು ನ್ಯಾಯಮೂರ್ತಿಗಳೂ ಒಮ್ಮತದಲ್ಲಿದ್ದರು. ಜೋಡಿಗಳ ಸಹಜೀವನಕ್ಕೆ ಮನ್ನಣೆ ನೀಡುವ ವಿಚಾರದಲ್ಲಿ ಮೂವರು ಒಂದೆಡೆ, ಇಬ್ಬರು ಇನ್ನೊಂದೆಡೆ ನಿಂತರು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾಗೊಂಡವು.

ತೀರ್ಪಿನಿಂದ ಧರ್ಮ ಗೆದ್ದಿತೆಂದು ನಮ್ಮಲ್ಲಿ ಕೆಲವರು ಸಮಾಧಾನಪಟ್ಟರು. ಈ ಮಾತನ್ನು ಪರಾಮರ್ಶಿಸುವುದು ಅಗತ್ಯ. ವಿಚಾರಣೆ ನಡೆದುದು ಮುಖ್ಯವಾಗಿ 1954ರ ವಿಶೇಷ ವಿವಾಹ ಕಾಯಿದೆಯ ಕುರಿತು. ಧರ್ಮಗಳ ವೈಯಕ್ತಿಕ ಕಾನೂನುಗಳನ್ನು ನ್ಯಾಯಾಲಯವು ಹೊರಗಿರಿಸಿತ್ತು. ಕ್ರೈಸ್ತರ ವಿವಾಹಗಳಿಗೆ 1872ರ ಪ್ರತ್ಯೇಕ ಕಾಯಿದೆಯಿದೆ. ಅರ್ಜಿದಾರರು ಗೆದ್ದಿದ್ದರೂ ಬಲಿಪೀಠದ ಮುಂದೆ ನಡೆಯುವ ಸಂಸ್ಕಾರದಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ.

ಧರ್ಮಸಭೆಯ ಬೋಧನೆ ಸ್ಪಷ್ಟ: ವಿವಾಹವು ಜೀವದಾನಕ್ಕೆ ತೆರೆದಿರುವ, ಸ್ತ್ರೀಪುರುಷರ ಮುರಿಯಲಾಗದ ಒಡಂಬಡಿಕೆ. 2023ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸರ ಅನುಮೋದನೆಯೊಡನೆ ಹೊರಬಂದ 'ಫಿದೂಚಿಯಾ ಸುಪ್ಲಿಕಾನ್ಸ್' ಘೋಷಣೆಯು ಸಲಿಂಗ ಜೋಡಿಗಳನ್ನು ಪೂಜಾವಿಧಿಯ ಹೊರಗೆ ಆಶೀರ್ವದಿಸಲು ಅವಕಾಶವಿತ್ತರೂ ಈ ಬೋಧನೆಯನ್ನು ಬದಲಿಸಲಿಲ್ಲ. ಆದರೆ ಸಂಸ್ಕಾರ ಬೇರೆ, ನಾಗರಿಕ ಕಾನೂನು ಬೇರೆ. ಮಾನವ ಕಾನೂನು ಎಲ್ಲ ದೋಷಗಳನ್ನೂ ನಿಷೇಧಿಸಲು ಹೊರಡಬಾರದೆಂದು ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿಯೇ ವಾದಿಸಿದ್ದರು. ಈ ವಾದದಿಂದ ಸಲಿಂಗ ವಿವಾಹಕ್ಕೆ ಸಮ್ಮತಿ ಸಿದ್ಧವಾಗದು. ನಿಷೇಧಿಸದಿರುವುದು ಒಂದು, ವಿವಾಹವೆಂದು ಮನ್ನಿಸುವುದು ಇನ್ನೊಂದು. ಆದರೂ ನಮ್ಮ ಬೋಧನೆಯನ್ನು ಒಪ್ಪದ ಪ್ರಜೆಯ ದೈನಂದಿನ ಅನುಕೂಲಗಳಿಗೆ ಅಡ್ಡಿಪಡಿಸಲು ಅದೊಂದೇ ಕಾರಣ ಸಾಲದು. 2024ರಲ್ಲಿ ಕೇಂದ್ರ ಸರಕಾರವು ಇಂತಹ ಜೋಡಿಗಳ ಜಂಟಿ ಬ್ಯಾಂಕ್ ಖಾತೆ ಹಾಗೂ ಪಡಿತರ ಚೀಟಿಯ ತೊಡಕುಗಳನ್ನು ನಿವಾರಿಸಲು ಸೂಚನೆ ನೀಡಿತು. ಇದರಿಂದ ಯಾವ ಕ್ರೈಸ್ತ ಕುಟುಂಬದ ಬುನಾದಿಯೂ ಅಲುಗಾಡದು.

ಇದು ದೂರದ ದಿಲ್ಲಿಗೆ ಸೇರಿದ ಪ್ರಶ್ನೆಯೆಂದು ಭಾವಿಸುವಂತಿಲ್ಲ. ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ದುಡಿಯುವ ಮಗನು ತನಗೆ ಮದುವೆ ಬೇಡವೆಂದು ನಿಜವಾದ ಕಾರಣವನ್ನೇ ತಿಳಿಸಿದರೆ, ಬೆಳ್ಳಾರೆ, ಸುಳ್ಯ ಕಡೆಯ ತಂದೆತಾಯಂದಿರು ಏನು ಮಾಡಬೇಕು? "ಒಂದು ಮದುವೆ ಮಾಡಿಸಿದರೆ ಎಲ್ಲ ಸರಿಹೋದೀತು" ಎಂಬುದು ಸಾಮಾನ್ಯವಾಗಿ ಕೇಳಿಬರುವ ಪರಿಹಾರ. ಧರ್ಮಸಭೆಯ ಕಾನೂನಿನಂತೆ ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿ. ಬಲವಂತಕ್ಕೋ ಗಂಭೀರ ಭಯಕ್ಕೋ ಮಣಿದು ನೀಡಿದ ಸಮ್ಮತಿಯಿಂದ ವಿವಾಹ ಸಿಂಧುವಾಗದು. ಮೇಲಾಗಿ, ಏನನ್ನೂ ಅರಿಯದ ಪರರ ಮಗಳೊಬ್ಬಳ ಬಾಳನ್ನು ನಮ್ಮ ಮನೆಯ ಮರ್ಯಾದೆಗಾಗಿ ಬಲಿಗೊಟ್ಟಂತಾಗುವುದು. ವಿವಾಹದ ಪಾವಿತ್ರ್ಯಕ್ಕಾಗಿ ದನಿಯೆತ್ತುವವರು ಅದನ್ನು ಮೊದಲು ಕಾಯಬೇಕಾದುದು ಇಲ್ಲಿ.

ಸಲಿಂಗ ಒಲವುಳ್ಳವರನ್ನು ಗೌರವ, ಅನುಕಂಪಗಳಿಂದ ಕಾಣಬೇಕು, ಅವರ ವಿಷಯದಲ್ಲಿ ಅನ್ಯಾಯದ ತಾರತಮ್ಯ ಸಲ್ಲದು ಎಂದು 1992ರ ಧರ್ಮೋಪದೇಶ ಗ್ರಂಥದ 2358ನೇ ಪರಿಚ್ಛೇದ ವಿಧಿಸುತ್ತದೆ. ವಿವಾಹದ ಬೋಧನೆಯನ್ನು ಎತ್ತಿಹಿಡಿದು ಇದನ್ನು ಮರೆಯುವವರು ಧರ್ಮಸಭೆಯ ಮಾತನ್ನು ಅರ್ಧಕ್ಕೇ ನಿಲ್ಲಿಸಿದಂತೆ. ತಂದೆತಾಯಂದಿರೇ, ಅಂತಹ ಮಗನಿಗೆ ಮನೆಬಾಗಿಲು ಮುಚ್ಚದಿರಿ. ಸಂಜೆಯ ಜಪಸರ ಪ್ರಾರ್ಥನೆಯಲ್ಲಿ ಅವನ ಸ್ಥಳ ಅವನಿಗಾಗಿಯೇ ಇರಲಿ.