ಬಾಡಿಗೆಯ ಮದ್ಯ

"ನಾವು ಕುಡಿಯುವವರಲ್ಲ, ಆದುದರಿಂದ ಆ ಪಾಪ ನಮ್ಮದಲ್ಲ" ಎಂಬ ಮಾತು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಶ್ರಾವಕ ಮನೆತನಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಸಮಂತಭದ್ರಾಚಾರ್ಯರು ಅಷ್ಟಮೂಲಗುಣಗಳಲ್ಲಿ ಸೇರಿಸಿದ ಮದ್ಯತ್ಯಾಗವನ್ನು ನಾವು ಅಡುಗೆಮನೆಯ ನಿಯಮವನ್ನಾಗಿ ಮಾಡಿಕೊಂಡು ಕೈತೊಳೆದುಕೊಂಡಿದ್ದೇವೆ. ಕೃತ, ಕಾರಿತ, ಅನುಮೋದನೆಗಳೆಂದು ಕರ್ಮದ ಹೊಣೆಯನ್ನು ಮೂರು ಬಗೆಯಾಗಿ ಕಲಿಸಿದ ಧರ್ಮಕ್ಕೆ ಈ ಲೆಕ್ಕ ಒಪ್ಪಿಗೆಯಾದೀತೇ?

ಕುಡುಕನ ಚಟಕ್ಕೆ ಕುಡುಕನೇ ಹೊಣೆ ಎನ್ನುವವರಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಬೇಲ್ಸ್ 1946ರಲ್ಲಿಯೇ ಐರಿಷ್ ಮತ್ತು ಯಹೂದಿ ಸಮಾಜಗಳನ್ನು ಹೋಲಿಸಿ, ಒಂದು ಸಮಾಜದ ಒಳಒತ್ತಡ, ಕುಡಿತದ ಬಗ್ಗೆ ಅದರ ಧೋರಣೆ, ದಣಿದವನಿಗೆ ಅದು ತೆರೆದಿಡುವ ಬೇರೆ ದಾರಿಗಳು ಇವುಗಳಿಂದ ಚಟವು ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ ಎಂದು ವಾದಿಸಿದರು. ಇದನ್ನರಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸಂತೆಯ ಸಂಜೆ ನಮ್ಮ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತರೆ ಸಾಕು. ವಾರವಿಡೀ ಹತ್ತಿ, ಗೋವಿನಜೋಳದ ಚೀಲ ಹೊತ್ತ ಹಮಾಲನ ಕೈಗೆ ನಾವು ಪಗಾರ ಇಡುವುದು ಕತ್ತಲಾದ ಮೇಲೆ. ಆಗ ಅವನ ಹಾದಿಯಲ್ಲಿ ದೀಪವಿರುವುದು ಒಂದೇ ಅಂಗಡಿಯಲ್ಲಿ. ಆ ಮಳಿಗೆಯ ಬಾಡಿಗೆ ಹಲವೆಡೆ ಯಾರ ಮನೆಗೆ ಬರುತ್ತದೆಂಬುದನ್ನು ನಾನು ಬರೆಯಬೇಕಿಲ್ಲ. ಮೂವತ್ತು ವರ್ಷ ಸಂಜೆಯೇ ಬಟವಡೆ ಮಾಡಿದ ನಾನು ಪರರನ್ನು ದೂಷಿಸಲು ಅರ್ಹನಲ್ಲ. "ಸಾವಕಾರರೇ, ಪಗಾರ ಮುಂಜಾನೆ ಕೊಡ್ರಿ, ಹಿಟ್ಟರ ಮನೀಗೆ ಬರ್ತೈತಿ" ಎಂದು ಒಬ್ಬ ಹಮಾಲನ ಹೆಂಡತಿ ಬಂದು ಹೇಳುವವರೆಗೆ ನನಗೆ ಇದು ಹೊಳೆದಿರಲಿಲ್ಲ.

ಸರಕಾರವನ್ನು ಬಯ್ಯುವುದು ಸುಲಭ, ಕಾರಣವೂ ಇದೆ. ಮುಂಬಯಿ ಪ್ರಾಂತದ ಕಾಲದಲ್ಲಿ ನಮ್ಮಲ್ಲಿ ಬಂದ ಪಾನನಿಷೇಧವು ಮೈಸೂರು ರಾಜ್ಯದಲ್ಲಿ 1967ರಲ್ಲಿ ತೆರವಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂದಿತು. ಸಂವಿಧಾನದ 47ನೆಯ ವಿಧಿ ಪಾನನಿಷೇಧದತ್ತ ಬೆರಳು ತೋರಿದರೆ, 2025-26ರ ರಾಜ್ಯ ಮುಂಗಡಪತ್ರ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ಗುರಿ ಇಟ್ಟುಕೊಂಡಿತು.

ಆದರೆ ಸರಕಾರಕ್ಕೆ ವ್ರತವಿಲ್ಲ, ನಮಗಿದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ವರ್ಜ್ಯವೆಂದ ಹದಿನೈದು ವೃತ್ತಿಗಳಲ್ಲಿ ರಸವಾಣಿಜ್ಯವೂ ಒಂದು. ಮದ್ಯದ ಮಾರಾಟ ಅದರಲ್ಲಿಯೇ ಅಡಗಿದೆ. "ಬಾಡಿಗೆಯ ಹೆಸರು ಆ ಪಟ್ಟಿಯಲ್ಲಿಲ್ಲವಲ್ಲ" ಎಂದು ವಕೀಲಿ ಬಲ್ಲ ಮಿತ್ರರೊಬ್ಬರು ನನ್ನನ್ನು ತಡೆದರು. ಪಂಚಕಲ್ಯಾಣದ ಸವಾಲಿನಲ್ಲಿ ಅದೇ ಬಾಡಿಗೆಯ ಹಣದಿಂದ ಇಂದ್ರನ ಪದವಿ ಹಿಡಿಯುವವರಿಗೆ ಈ ತರ್ಕ ಒದಗಬಹುದು. ಬಸದಿಗಳ ವಿಶ್ವಸ್ತರು ತಮ್ಮ ಮಳಿಗೆಗಳ ಕರಾರುಪತ್ರದಲ್ಲಿ "ಮದ್ಯ ಮಾರತಕ್ಕದ್ದಲ್ಲ" ಎಂಬ ಒಂದು ಸಾಲನ್ನು ಈ ವರ್ಷವೇ ಸೇರಿಸಲಿ. ಬಾಡಿಗೆ ಕಡಿಮೆ ಬಂದರೆ ಆ ನಷ್ಟವನ್ನು ಜಮಾಖರ್ಚಿನಲ್ಲಿ ಮುಚ್ಚದೆ ಬರೆಯಲಿ.

ನಮ್ಮ ಅಂಗಡಿಯಲ್ಲಿ ಕಳೆದ ದೀಪಾವಳಿಯಿಂದ ಬಟವಡೆ ಸಂತೆಯ ಮರುದಿನ ಬೆಳಿಗ್ಗೆ ಹತ್ತಕ್ಕೆ. ಮೂವರು ಹಮಾಲರು ಸಿಟ್ಟಾಗಿ ಬೇರೆ ಅಂಗಡಿಗೆ ಹೋದರು. ಒಬ್ಬನು ಮರಳಿ ಬಂದಿದ್ದಾನೆ, ಅವನ ಪಗಾರವನ್ನು ಹೆಂಡತಿಯೇ ಬಂದು ಎಣಿಸಿಕೊಂಡು ಒಯ್ಯುತ್ತಾಳೆ.